ನೀರಿನ ಮೇಲಿನ ಎಣ್ಣೆ: ಕಡಲ ಜೀವಿಗಳಿಗೆ ಕುತ್ತು, ಹೊಲಕ್ಕೂ ಹಾನಿ

ಮಳೆಗಾಲ ಆರಂಭವಾಯಿತೆಂದರೆ ಬೆಳಗಾವಿಯ ಮೀನು ಮಾರುಕಟ್ಟೆಯಲ್ಲಿ ಬಂಗಡೆ, ತಾರ್ಲಿ, ಇಸ್ವಾಣಗಳ ಆವಕ ಇಳಿದು ಬೆಲೆ ಏರುವುದು ಎಲ್ಲರಿಗೂ ತಿಳಿದ ಸಂಗತಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲವದು. ಬಿತ್ತನೆಯಾದ ಹೊಲಕ್ಕೆ ದನ ಬಿಡಬಾರದೆಂಬ ನಿಯಮದಂತೆಯೇ ಈ ನಿಷೇಧವೂ ಮುಂದಿನ ವರ್ಷದ ಬೆಳೆಯನ್ನು ಕಾಯುವುದಕ್ಕಾಗಿ ಇದೆ. ಆದರೆ ಬಲೆಯನ್ನು ದಡಕ್ಕೆ ಕಟ್ಟಿಹಾಕಿದ ಮಾತ್ರಕ್ಕೆ ಮೀನಿನ ಮರಿಗಳು ಸುರಕ್ಷಿತವಾಗುವುದಿಲ್ಲ. ನೀರಿಗೆ ಸೇರುವ ಎಣ್ಣೆ ಅವುಗಳಿಗೆ ಇನ್ನೊಂದು ಶತ್ರು. ಈ ಎಣ್ಣೆಯೆಲ್ಲ ಹಡಗುಗಳಿಂದಲೇ ಬರುತ್ತದೆಂದು ತಿಳಿಯುವುದು ತಪ್ಪು. ಅದರಲ್ಲಿ ಒಂದು ಪಾಲು ಊರು, ರಸ್ತೆ ಮತ್ತು ಹೊಲಗಳಿಂದ ಹಳ್ಳ ಹೊಳೆಗಳ ಮೂಲಕ ಹರಿದು ಬರುತ್ತದೆ. ಆದುದರಿಂದ ಘಟ್ಟದ ಮೇಲಿನ ರೈತರೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ಕಾರವಾರದಲ್ಲಿ ನಡೆದದ್ದು

2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಸರಕು ಹಡಗು ಕಾರವಾರದ ಬಳಿ ಸಮುದ್ರದಲ್ಲಿ ಬಂಡೆಗಳ ಮೇಲೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಸುಮಾರು 650 ಟನ್ ಇಂಧನ ಎಣ್ಣೆ ಸಮುದ್ರದ ಪಾಲಾಯಿತು. ನೈರುತ್ಯ ಮಾನ್ಸೂನು ಕಾಲಿಡುತ್ತಿದ್ದ ಸಮಯವಾದ್ದರಿಂದ ಗಾಳಿ ಮತ್ತು ಅಲೆಗಳು ಎಣ್ಣೆಯನ್ನು ದಡದತ್ತ ತಳ್ಳಿದವು. ಕಾರವಾರದ ತೀರವಲ್ಲದೆ ದಕ್ಷಿಣ ಗೋವಾದ ಕಡಲತೀರಗಳಿಗೂ ಅದು ತಲುಪಿತು. ಮೀನುಗಳು ಮೊಟ್ಟೆಯಿಡುವ ಕಾಲ ಹತ್ತಿರವಾಗಿದ್ದಾಗಲೇ ಇದು ಸಂಭವಿಸಿತೆಂಬುದು ಗಮನಾರ್ಹ.

ಇದೊಂದೇ ಪ್ರಸಂಗವಲ್ಲ. 2022ರ ಜೂನ್ ತಿಂಗಳಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಹಡಗು ಮಂಗಳೂರಿನ ಹತ್ತಿರ ಉಳ್ಳಾಲದ ಸಮುದ್ರದಲ್ಲಿ ಮುಳುಗಿತು. 2025ರ ಮೇ 25ರಂದು ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ಕೇರಳದ ಕರಾವಳಿಯಾಚೆ ಮುಳುಗಿದಾಗ ಅದರಲ್ಲಿ 84 ಟನ್‌ಗಿಂತ ಹೆಚ್ಚು ಡೀಸೆಲ್ ಹಾಗೂ 367 ಟನ್ ಫರ್ನೇಸ್ ಎಣ್ಣೆ ಇತ್ತು. ಅಪಘಾತವೇ ನಡೆಯದ ವರ್ಷಗಳಲ್ಲೂ ಗೋವಾದ ತೀರಗಳಲ್ಲಿ ಮಳೆಗಾಲದ ಮುಂಚೆ ಹಾಗೂ ಮಳೆಗಾಲದಲ್ಲಿ ಕಪ್ಪು ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ದೂರದ ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯೇ ಗಟ್ಟಿಯಾಗಿ ಹೀಗೆ ದಡ ಸೇರುವುದು.

ನೀರಿಗೆ ಬಿದ್ದ ಎಣ್ಣೆಗೆ ಏನಾಗುತ್ತದೆ?

ಎಣ್ಣೆ ನೀರಿಗಿಂತ ಹಗುರ. ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತ ಬಹುಬೇಗ ಹರಡುತ್ತದೆ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕೊಳವೊಂದರಲ್ಲಿ ಒಂದು ಟೀ ಚಮಚೆಯಷ್ಟು ಎಣ್ಣೆ ಹಾಕಿ ನೋಡಿದಾಗ ಅದು ಸುಮಾರು ಅರ್ಧ ಎಕರೆ, ಅಂದರೆ 20 ಗುಂಟೆಯಷ್ಟು ನೀರಿನ ಮೇಲೆ ಹರಡಿತೆಂದು 1774ರಲ್ಲಿ ಪ್ರಕಟಿಸಿದ. ಒಂದು ಚಮಚೆಯ ವ್ಯಾಪ್ತಿ ಇಷ್ಟಿದ್ದರೆ ಒಂದು ಡಬ್ಬಿಯ ವ್ಯಾಪ್ತಿಯನ್ನು ಊಹಿಸಬಹುದು.

ಹೀಗೆ ಹರಡಿದ ಎಣ್ಣೆ ನಾಲ್ಕು ದಾರಿಗಳಲ್ಲಿ ಹೋಗುತ್ತದೆ.

1. ಪೆಟ್ರೋಲು, ಡೀಸೆಲುಗಳಲ್ಲಿರುವಂತಹ ಹಗುರವಾದ ಅಂಶಗಳು ಒಂದೆರಡು ದಿವಸಗಳಲ್ಲಿ ಆವಿಯಾಗುತ್ತವೆ. ಆದರೆ ಇವುಗಳ ಸ್ವಲ್ಪ ಭಾಗ ನೀರಿನಲ್ಲಿ ಕರಗುತ್ತದೆ. ಜೀವಿಗಳಿಗೆ ತಕ್ಷಣದ ವಿಷವಾಗುವುದು ಮುಖ್ಯವಾಗಿ ಈ ಭಾಗ.

2. ಭಾರವಾದ ಎಣ್ಣೆಯನ್ನು ಅಲೆಗಳು ಮೊಸರು ಕಡೆದಂತೆ ಕಡೆಯುವುದರಿಂದ ಅದರೊಳಗೆ ನೀರಿನ ಹನಿಗಳು ಸೇರಿ ದಪ್ಪನೆಯ ಕಂದು ರಾಡಿಯಾಗುತ್ತದೆ. ಆಗ ಅದರ ಗಾತ್ರ ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ.

3. ಕೆಲವು ಭಾಗ ಮಣ್ಣು, ಮರಳಿನ ಕಣಗಳಿಗೆ ಅಂಟಿ ತಳಕ್ಕಿಳಿಯುತ್ತದೆ, ಇಲ್ಲವೆ ಡಾಂಬರಿನ ಉಂಡೆಯಾಗಿ ದಡ ಸೇರುತ್ತದೆ.

4. ಉಳಿದದ್ದನ್ನು ಸೂಕ್ಷ್ಮಾಣುಜೀವಿಗಳು ನಿಧಾನವಾಗಿ ತಿಂದು ಕೊಳೆಸುತ್ತವೆ. ಬಿಸಿಲು, ಗಾಳಿ, ಅಲೆ ಚೆನ್ನಾಗಿರುವ ಕಡೆ ಈ ಕೆಲಸ ಬೇಗ ಆಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಹುದುಗಿದ ಎಣ್ಣೆ ಹತ್ತಾರು ವರ್ಷ ಹಾಗೆಯೇ ಉಳಿಯಬಲ್ಲದು. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗಿನಿಂದ ಸುಮಾರು 37,000 ಟನ್ ಕಚ್ಚಾ ಎಣ್ಣೆ ಚೆಲ್ಲಿತು. ಎರಡು ದಶಕಗಳ ನಂತರವೂ ಅಲ್ಲಿನ ದಡದ ಕಲ್ಲುಗಳ ಕೆಳಗೆ ಎಣ್ಣೆ ದೊರೆಯಿತು.

ಜಲಚರಗಳ ಮೇಲೆ ಪರಿಣಾಮ

ಸಮುದ್ರದ ಬಹುಪಾಲು ಆಹಾರಕ್ಕೆ ಮೂಲ ಪ್ಲವಕಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕಗಳು ಬಿಸಿಲಿನಿಂದ ಆಹಾರ ತಯಾರಿಸುತ್ತವೆ. ಅವುಗಳನ್ನು ಪ್ರಾಣಿಪ್ಲವಕಗಳು, ಅವುಗಳನ್ನು ಸಣ್ಣ ಮೀನುಗಳು ತಿನ್ನುತ್ತವೆ. ತಾರ್ಲಿ, ಬಂಗಡೆಗಳು ನೇರವಾಗಿ ಪ್ಲವಕಗಳನ್ನೇ ಅವಲಂಬಿಸಿದ ಮೀನುಗಳು. ದಪ್ಪ ಎಣ್ಣೆಯ ಹೊದಿಕೆ ಬಿಸಿಲನ್ನು ತಡೆಯುತ್ತದೆ, ಕರಗಿದ ಅಂಶ ಪ್ಲವಕಗಳನ್ನು ಕೊಲ್ಲುತ್ತದೆ. ಪ್ಲವಕಗಳ ಸಂತತಿ ಬೇಗ ಬೆಳೆಯುವುದರಿಂದ ತೆರೆದ ಸಮುದ್ರದಲ್ಲಿ ಈ ನಷ್ಟ ಸಾಮಾನ್ಯವಾಗಿ ಬೇಗ ತುಂಬಿಬರುತ್ತದೆ.

ಮೊಟ್ಟೆ ಮತ್ತು ಮರಿಗಳ ಮಾತು ಹಾಗಲ್ಲ. ಬಂಗಡೆ, ತಾರ್ಲಿ ಮುಂತಾದ ಮೀನುಗಳ ಮೊಟ್ಟೆಗಳು ನೀರಿನ ಮೇಲ್ಭಾಗದಲ್ಲಿ ತೇಲುತ್ತವೆ. ಎಣ್ಣೆಯೂ ಅಲ್ಲಿಯೇ ತೇಲುತ್ತದೆ. ದೊಡ್ಡ ಮೀನು ವಾಸನೆ ಹಿಡಿದು ಈಜಿ ಪಾರಾಗಬಹುದು, ಮೊಟ್ಟೆಗೆ ಆ ದಾರಿಯಿಲ್ಲ. ಎಕ್ಸಾನ್ ವಾಲ್ಡೀಜ್ ದುರಂತದ ನಂತರ ಹಾಗೂ 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ‘ಡೀಪ್‌ವಾಟರ್ ಹೊರೈಜನ್’ ತೈಲಬಾವಿಯ ದುರಂತದ ನಂತರ ನಡೆದ ಸಂಶೋಧನೆಗಳಲ್ಲಿ, ಕಚ್ಚಾ ಎಣ್ಣೆಯ ಕೆಲವು ಅಂಶಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೊಟ್ಟೆಯೊಳಗಿನ ಮರಿಯ ಹೃದಯದ ಬೆಳವಣಿಗೆಯನ್ನು ಕೆಡಿಸುತ್ತವೆಂದು ತಿಳಿದುಬಂದಿದೆ. ಇಂತಹ ಮರಿ ಮೊಟ್ಟೆಯೊಡೆದು ಬಂದರೂ ಚೆನ್ನಾಗಿ ಈಜಲಾರದೆ ಇತರ ಮೀನುಗಳ ಪಾಲಾಗುತ್ತದೆ. ದಡದಲ್ಲಿ ಒಂದೂ ಸತ್ತ ಮೀನು ಕಾಣದಿದ್ದರೂ ಮುಂದಿನ ಹಂಗಾಮಿನ ಮೀನು ಕಡಿಮೆಯಾಗಬಲ್ಲದೆಂಬುದನ್ನು ಇದರಿಂದ ತಿಳಿಯಬಹುದು. ಬೀಜವೇ ಜೊಳ್ಳಾದ ಹೊಲದ ಸ್ಥಿತಿ ಇದು.

ತಿಸ್ರೆ, ಕಲ್ವ ಮುಂತಾದ ಚಿಪ್ಪು ಜೀವಿಗಳು ಇದ್ದಲ್ಲಿಯೇ ಇದ್ದು ನೀರನ್ನು ಸೋಸಿ ಆಹಾರ ಪಡೆಯುತ್ತವೆ. ಎಣ್ಣೆಯ ಅಂಶಗಳನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಮೀನುಗಳಿಗಿರುವಷ್ಟು ಇವುಗಳಿಗಿಲ್ಲ. ಹೀಗಾಗಿ ವಿಷ ಇವುಗಳ ಮೈಯಲ್ಲಿ ಸೇರುತ್ತ ಹೋಗುತ್ತದೆ. ಎಣ್ಣೆಯ ವಾಸನೆ ಹತ್ತಿದ ಮೀನು, ಚಿಪ್ಪುಗಳನ್ನು ಕೊಳ್ಳುವವರಿಲ್ಲದೆ ಮೀನುಗಾರ ಕುಟುಂಬಗಳು ನಷ್ಟ ಅನುಭವಿಸುತ್ತವೆ.

ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಮೀನು, ಸಿಗಡಿ, ಏಡಿಗಳ ಮರಿಗಳಿಗೆ ತೊಟ್ಟಿಲಿದ್ದಂತೆ. ಕೆಸರಿನಲ್ಲಿ ಗಾಳಿಯಿಲ್ಲದ್ದರಿಂದ ಇವುಗಳಲ್ಲಿ ಅನೇಕ ಜಾತಿಗಳು ಉಸಿರುಬೇರುಗಳನ್ನು ಮೇಲಕ್ಕೆ ಚಾಚಿ ಅವುಗಳ ಸಣ್ಣ ರಂಧ್ರಗಳಿಂದ ಗಾಳಿ ಪಡೆಯುತ್ತವೆ. ಎಣ್ಣೆ ಈ ರಂಧ್ರಗಳನ್ನು ಮುಚ್ಚಿದರೆ, ನೀರು ನಿಂತ ಹೊಲದಲ್ಲಿ ಕಡಲೆ ಒಣಗುವಂತೆ, ಗಿಡ ಉಸಿರುಗಟ್ಟಿ ಎಲೆ ಉದುರಿಸುತ್ತದೆ. ಕಾರವಾರದ ಕಾಳಿ ನದಿಯ ಅಳಿವೆಯಲ್ಲಿಯೂ ಗೋವಾದ ಮಾಂಡವಿ ನದಿಯ ಅಳಿವೆಯಲ್ಲಿಯೂ ಕಾಂಡ್ಲಾ ವನಗಳಿವೆ.

ಕಡಲಹಕ್ಕಿಗಳ ಗರಿಗೆ ಎಣ್ಣೆ ಹತ್ತಿದರೆ ಗರಿಯ ನಡುವಿನ ಗಾಳಿ ಹೋಗಿ ನೀರು ಒಳಸೇರುತ್ತದೆ. ಹಕ್ಕಿ ತೇಲಲಾರದೆ, ಹಾರಲಾರದೆ, ಚಳಿಯಿಂದ ಸಾಯುತ್ತದೆ. ಅಲಾಸ್ಕಾದ ದುರಂತದಲ್ಲಿ ಸುಮಾರು 2.5 ಲಕ್ಷ ಕಡಲಹಕ್ಕಿಗಳು ಸತ್ತವೆಂದು ಅಂದಾಜು. ಉಸಿರಾಟಕ್ಕೆ ಮೇಲೆ ಬರುವ ಕಡಲಾಮೆಗಳು ಡಾಂಬರಿನ ಉಂಡೆಗಳನ್ನು ಆಹಾರವೆಂದು ನುಂಗುತ್ತವೆ. ಉತ್ತರ ಕನ್ನಡ ಹಾಗೂ ದಕ್ಷಿಣ ಗೋವಾದ ಮರಳ ದಂಡೆಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆಂಬುದನ್ನು ಇಲ್ಲಿ ನೆನೆಯಬೇಕು.

ಎಣ್ಣೆ ಎಲ್ಲಿಂದ ಬರುತ್ತದೆ?

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನ ಸಮುದ್ರಗಳಿಗೆ ವರ್ಷಕ್ಕೆ ಸುಮಾರು 13 ಲಕ್ಷ ಟನ್ ಎಣ್ಣೆ ಸೇರುತ್ತಿತ್ತು. ಇದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಮುದ್ರದ ತಳದಿಂದ ತಾನಾಗಿಯೇ ಜಿನುಗುವುದು. ಉಳಿದುದರಲ್ಲಿ ಎಣ್ಣೆ ಸಾಗಿಸುವ ಹಡಗುಗಳ ಅಪಘಾತದಿಂದ ಚೆಲ್ಲಿದ್ದು ಸುಮಾರು 1 ಲಕ್ಷ ಟನ್, ಭೂಮಿಯಿಂದ ನದಿ ಚರಂಡಿಗಳ ಮೂಲಕ ಹರಿದು ಬಂದದ್ದು ಸುಮಾರು 1.4 ಲಕ್ಷ ಟನ್. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುವ ಅಪಘಾತಗಳಿಗಿಂತ ಯಾರ ಕಣ್ಣಿಗೂ ಬೀಳದ ಈ ತೊಟ್ಟು ತೊಟ್ಟು ಎಣ್ಣೆಯೇ ಹೆಚ್ಚೆಂದು ಇದರಿಂದ ತಿಳಿಯುತ್ತದೆ. 2022ರ ಪರಿಷ್ಕೃತ ವರದಿ ಕೂಡ ಉತ್ತರ ಅಮೆರಿಕದ ಸಮುದ್ರಗಳಿಗೆ ಮನುಷ್ಯರಿಂದ ಸೇರುವ ಎಣ್ಣೆಯಲ್ಲಿ ಭೂಮಿಯಿಂದ ಹರಿದು ಬರುವುದೇ ಅತಿ ದೊಡ್ಡ ಪಾಲೆಂದು ಹೇಳಿದೆ.

ಕಣಬರ್ಗಿ ಬದಿಯ ರಾಮತೀರ್ಥ ನಗರದಂತಹ ಬೆಳಗಾವಿಯ ಬಡಾವಣೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಣ್ಣಿನ ನೆಲ ಮಳೆನೀರನ್ನು ಹೀರುತ್ತದೆ, ಡಾಂಬರು ಕಾಂಕ್ರೀಟು ಹೀರುವುದಿಲ್ಲ. ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ ರಸ್ತೆಯ ಮೇಲೆ ಬೇಸಿಗೆಯಿಡೀ ಸಂಗ್ರಹವಾಗಿ ಮೊದಲ ಮಳೆಗೆ ಕಾಮನಬಿಲ್ಲಿನ ಬಣ್ಣದ ಪೊರೆಯಾಗಿ ಚರಂಡಿಗೆ ಇಳಿಯುತ್ತದೆ. ನಗರದ ನೀರು ಮಾರ್ಕಂಡೇಯ ನದಿ, ಅಲ್ಲಿಂದ ಘಟಪ್ರಭಾ, ಕೊನೆಗೆ ಕೃಷ್ಣೆ ಸೇರುತ್ತದೆ. ಖಾನಾಪುರ ತಾಲೂಕಿನ ಸ್ಥಿತಿ ಇನ್ನೂ ವಿಶೇಷ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ತಾಲೂಕಿನ ನೀರು ಎರಡು ಕಡಲುಗಳನ್ನು ಮುಟ್ಟುವುದು.

ಬೆಳಗಾವಿಯ ಚರಂಡಿಗೆ ಸುರಿದ ಎಣ್ಣೆಯೆಲ್ಲ ಹಾಗೆಯೇ ತೇಲಿ ಕಡಲು ಮುಟ್ಟುತ್ತದೆಂದು ಇದರ ಅರ್ಥವಲ್ಲ. ಕೃಷ್ಣೆಯ ದಾರಿ ಉದ್ದವಾದದ್ದು, ನಡುವೆ ಆಲಮಟ್ಟಿಯಂತಹ ದೊಡ್ಡ ಜಲಾಶಯಗಳಿವೆ. ಬಹುಭಾಗ ದಾರಿಯಲ್ಲೇ ಹೂಳಿಗೆ ಅಂಟುತ್ತದೆ ಅಥವಾ ಕೊಳೆಯುತ್ತದೆ. ಅಂದರೆ ಕಡಲಿಗೆ ಆಗಬೇಕಾದ ಹಾನಿಯನ್ನು ಮೊದಲು ಇಲ್ಲಿಯ ಹಳ್ಳ, ಬಾವಿ, ಕೆರೆ ಮತ್ತು ಹೊಲಗಳೇ ಅನುಭವಿಸುತ್ತವೆ.

ಹೊಲ ಮತ್ತು ಕೆರೆಗೆ ಆಗುವ ಹಾನಿ

ಭತ್ತದ ಕೊಳವೆ ಹುಳುವಿನ ಹತೋಟಿಗೆ ಗದ್ದೆಯ ನೀರಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ, ಪೈರಿನ ಮೇಲೆ ಹಗ್ಗ ಎಳೆದು ಹುಳುಗಳನ್ನು ನೀರಿಗೆ ಬೀಳಿಸುವ ಹಳೆಯ ಪದ್ಧತಿ ರೈತರಿಗೆ ಗೊತ್ತಿದೆ. ನೀರಿಗೆ ಬಿದ್ದ ಹುಳು ಎಣ್ಣೆಯ ಪೊರೆಯಿಂದ ಸಾಯುತ್ತದೆ. ನಿಂತ ನೀರಿಗೆ ಎಣ್ಣೆ ಹಾಕಿದರೆ ಸೊಳ್ಳೆಯ ಮರಿಗಳು ಸಾಯುವುದೂ ಹೀಗೆಯೇ. ಆದರೆ ಎಣ್ಣೆಗೆ ಶತ್ರು ಯಾರು, ಮಿತ್ರ ಯಾರು ಎಂಬುದು ತಿಳಿಯದು. ಪೀಡೆಯನ್ನು ಕೊಲ್ಲುವ ಪೊರೆಯೇ ಪೀಡೆಯನ್ನು ತಿನ್ನುವ ನೀರುಹುಳುಗಳನ್ನೂ ಮೀನಿನ ಮರಿಗಳನ್ನೂ ಕೊಲ್ಲುತ್ತದೆ. ಅಲೆಯಿಲ್ಲದ ಕೆರೆ, ಕೃಷಿಹೊಂಡಗಳಲ್ಲಿ ಎಣ್ಣೆಯ ಪೊರೆ ನೀರಿಗೆ ಗಾಳಿ ಸೇರುವುದನ್ನೂ ತಡೆಯುತ್ತದೆ.

ಮಣ್ಣಿಗೆ ಬಿದ್ದ ಎಣ್ಣೆ ಕಣಗಳಿಗೆ ಅಂಟಿ ನೀರು ಇಂಗದಂತೆ ಮಾಡುತ್ತದೆ. ಎಣ್ಣೆಯಲ್ಲಿ ಇಂಗಾಲ ಹೇರಳವಾಗಿದ್ದು ಸಾರಜನಕ ಇಲ್ಲವೇ ಇಲ್ಲವೆನ್ನಬಹುದು. ಕೊಳೆಯದ ಹುಲ್ಲನ್ನು ಮಣ್ಣಿಗೆ ಸೇರಿಸಿದಾಗ ಆಗುವಂತೆ ಸೂಕ್ಷ್ಮಾಣುಜೀವಿಗಳು ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ. ಬಳಸಿದ ಎಂಜಿನ್ ಎಣ್ಣೆಯಲ್ಲಿ ಸೀಸ, ಸತು ಮುಂತಾದ ಲೋಹಗಳೂ ಕ್ಯಾನ್ಸರ್‌ಕಾರಕ ಅಂಶಗಳೂ ಇರಬಹುದು. ಲೋಹಗಳು ಕೊಳೆಯುವುದಿಲ್ಲ. ಬೆಳಗಾವಿಯ ಕೊಳಚೆ ಹೊತ್ತ ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕಿ ಶಹಾಪುರ, ವಡಗಾವಿ, ಯಳ್ಳೂರು ಭಾಗದ ಭತ್ತದ ಗದ್ದೆಗಳಿಗೆ ನುಗ್ಗುವುದು ಆ ರೈತರ ಬಹುಕಾಲದ ಸಂಕಟ. ನಾಲೆ ಉಕ್ಕಿದಾಗ ಅದಕ್ಕೆ ಸೇರಿದ್ದು ಇಂತಹ ಗದ್ದೆಗಳನ್ನು ಹೊಗುವುದರಿಂದ ಅದಕ್ಕೆ ಸುರಿದ ಎಣ್ಣೆ ಮತ್ತೊಬ್ಬ ರೈತನ ತಲೆಗೆ ಹಾನಿಯಾಗಿ ಬರಬಹುದು.

ಎಷ್ಟು ಎಣ್ಣೆ ಎಷ್ಟು ನೀರನ್ನು ಕೆಡಿಸುತ್ತದೆ? ಒಂದು ವಾಹನದಿಂದ ಒಂದು ಸಲ ಬದಲಾಯಿಸಿದ ಎಂಜಿನ್ ಎಣ್ಣೆ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಟ್ರ್ಯಾಕ್ಟರಿನ ಎಂಜಿನ್‌ನಲ್ಲಿ ಕಾರಿಗಿಂತ ಹೆಚ್ಚು ಎಣ್ಣೆ ಹಿಡಿಯುತ್ತದೆಂಬುದನ್ನು ಮರೆಯಬಾರದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಟ್ರ್ಯಾಕ್ಟರ್, ಪವರ್ ಟಿಲ್ಲರ್, ಡೀಸೆಲ್ ಪಂಪುಗಳ ಎಣ್ಣೆಯನ್ನು ಬಾವಿ, ಹಳ್ಳ, ಕಾಲುವೆಗಳಿಂದ ದೂರದಲ್ಲಿ, ಅಗಲವಾದ ತಟ್ಟೆಯಿಟ್ಟು ಬದಲಾಯಿಸಬೇಕು. ಬರಿ ನೆಲದ ಮೇಲೆ ಬಿಡಬಾರದು.

2. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ತುಂಬಿ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಅದರೊಡನೆ ನೀರು, ಪೆಟ್ರೋಲು, ಕೀಟನಾಶಕ ಬೆರೆಸಬಾರದು. ಬೆರೆಸಿದರೆ ಅದನ್ನು ಶುದ್ಧಗೊಳಿಸುವುದು ಕಷ್ಟ.

3. ತುಂಬಿದ ಡಬ್ಬಿಯನ್ನು ಅಧಿಕೃತ ಮರುಶುದ್ಧೀಕರಣಗಾರರಿಗೆ ಒಪ್ಪಿಸುವ ಟ್ರ್ಯಾಕ್ಟರ್ ಸೇವಾ ಕೇಂದ್ರಕ್ಕೆ ಕೊಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ಹಿಂದಕ್ಕೆ ಪಡೆದು ಶುದ್ಧಗೊಳಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಎಣ್ಣೆಯ ಉತ್ಪಾದಕರ ಮೇಲೂ ಹೊರಿಸಲಾಗಿದೆ. ಊರಿನ ರೈತರು ಕೂಡಿ ಸಹಕಾರ ಸಂಘದ ಬಳಿ ಒಂದು ಪೀಪಾಯಿ ಇಟ್ಟರೆ ಸಾಗಿಸುವುದು ಸುಲಭ.

4. ಹಳೆಯ ಎಂಜಿನ್ ಎಣ್ಣೆಯನ್ನು ದನಗಳ ಗಾಯಕ್ಕೆ ಹಚ್ಚುವುದು, ಸೊಳ್ಳೆಗೆಂದು ಗುಂಡಿಗೆ ಸುರಿಯುವುದು, ಒಲೆಗೆ ಉರಿಸುವುದು ಸರಿಯಲ್ಲ. ನಿಂತ ನೀರಿನ ಸೊಳ್ಳೆಗೆ ಗಪ್ಪಿ, ಗ್ಯಾಂಬೂಸಿಯಾ ಮೀನುಗಳ ಬಗ್ಗೆ ಆರೋಗ್ಯ ಕಾರ್ಯಕರ್ತರನ್ನು ಕೇಳಬೇಕು.

5. ಹೊಳೆ, ಕೆರೆಗಳಲ್ಲಿ ಟ್ರ್ಯಾಕ್ಟರ್ ಇಳಿಸಿ ತೊಳೆಯಬಾರದು. ಹಳ್ಳದ ದಂಡೆಯ ಡೀಸೆಲ್ ಪಂಪಿನ ಕೆಳಗೆ ತಗಡಿನ ತಟ್ಟೆ ಇಡಬೇಕು.

6. ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಭತ್ತದ ಹೊಟ್ಟು ಅಥವಾ ಮರದ ಪುಡಿ ಹಾಕಿ ಹೀರಿಸಿ, ಕೆರೆದು ಚೀಲಕ್ಕೆ ತುಂಬಿ ಹಳೆಯ ಎಣ್ಣೆಯೊಡನೆ ಒಪ್ಪಿಸಬೇಕು. ಸಾಬೂನು ಪುಡಿ ಹಾಕಿ ತೊಳೆದರೆ ಎಣ್ಣೆ ಹೋಗುವುದಿಲ್ಲ, ಸಣ್ಣ ಹನಿಗಳಾಗಿ ನೀರಿನೊಡನೆ ಮುಂದಕ್ಕೆ ಹರಿಯುತ್ತದೆ.

7. ಗದ್ದೆಗೆ ಎಣ್ಣೆ ಬೆರೆತ ನೀರು ನುಗ್ಗಿದರೆ ಮೊದಲು ಒಡ್ಡು ಕಟ್ಟಿ ಮುಂದಿನ ಗದ್ದೆಗೆ ಹೋಗದಂತೆ ತಡೆಯಬೇಕು. ಒಣ ಹುಲ್ಲಿನ ದಪ್ಪ ಹಗ್ಗ ಹೊಸೆದು ನೀರಿನ ಮೇಲೆ ತೇಲಬಿಟ್ಟು ಎಣ್ಣೆಯನ್ನು ಒಂದು ಮೂಲೆಗೆ ಎಳೆದು ಮೊಗೆಯಬೇಕು. ಕೈಗೆ ಚೀಲ ಅಥವಾ ಕೈಗವಸು ಇರಬೇಕು. ನೀರು ಇಳಿದ ಮೇಲೆ ಮಣ್ಣನ್ನು ಉತ್ತು ಗಾಳಿಯಾಡಿಸಿ ಕೊಟ್ಟಿಗೆ ಗೊಬ್ಬರ ಹಾಕಬೇಕು. ಮಣ್ಣು ಪರೀಕ್ಷೆಯ ಸಲಹೆಯಂತೆ ಸಾರಜನಕ ಕೊಡಬೇಕು. ಅಲಾಸ್ಕಾದ ದಡಗಳಲ್ಲಿಯೂ 1989ರಲ್ಲಿ ಸಾರಜನಕ ಗೊಬ್ಬರ ಹಾಕಿಯೇ ಎಣ್ಣೆ ತಿನ್ನುವ ಸೂಕ್ಷ್ಮಾಣುಜೀವಿಗಳ ಕೆಲಸವನ್ನು ಚುರುಕುಗೊಳಿಸಿದ್ದರು. ನಮ್ಮ ದೇಶದಲ್ಲಿ ಟೆರಿ ಸಂಸ್ಥೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ‘ಆಯಿಲ್‌ಜಾಪರ್’ ಮಿಶ್ರಣವನ್ನು ಸಿದ್ಧಪಡಿಸಿದೆ.

ವಿಸ್ತರಣಾ ಕಾರ್ಯಕರ್ತರಿಗೆ

ಗ್ಯಾರೇಜು, ವಾಹನ ತೊಳೆಯುವ ಜಾಗಗಳಲ್ಲಿ ಎಣ್ಣೆ ತಡೆಯುವ ತೊಟ್ಟಿ ಕಟ್ಟಿಸುವಂತೆ ತಿಳಿಸಬೇಕು. ಇದರ ರಚನೆ ಸರಳ. ತೊಟ್ಟಿಯ ಒಂದು ಬದಿಯಿಂದ ಕೊಳೆನೀರು ಒಳಬರುತ್ತದೆ. ಇನ್ನೊಂದು ಬದಿಯಲ್ಲಿ ಹೊರಹೋಗುವ ಕೊಳವೆಯ ಬಾಯಿ ತಳದ ಹತ್ತಿರಕ್ಕೆ ಬಾಗಿರಬೇಕು, ಆದರೆ ಹೂಳಿಗೆ ತಾಗಿರಬಾರದು. ಎಣ್ಣೆ ಮೇಲೆ ನಿಲ್ಲುತ್ತದೆ, ಕೆಳಗಿನ ನೀರು ಮಾತ್ರ ಹೊರಹೋಗುತ್ತದೆ. ಮೇಲೆ ನಿಂತ ಎಣ್ಣೆಯನ್ನು ಕಾಲಕಾಲಕ್ಕೆ ಮೊಗೆದು ಡಬ್ಬಿಗೆ ತುಂಬಬೇಕು. ಹಾಗೆ ಮಾಡದಿದ್ದರೆ ತೊಟ್ಟಿ ಇದ್ದೂ ಇಲ್ಲದಂತೆ. ಮಳೆಗಾಲದ ಮುಂಚೆ, ಅಂದರೆ ಮೇ ತಿಂಗಳಲ್ಲಿ, ರೈತರು ಟ್ರ್ಯಾಕ್ಟರ್ ದುರಸ್ತಿ ಮಾಡಿಸುವ ಸಮಯದಲ್ಲಿಯೇ ಈ ಪ್ರಚಾರ ನಡೆಸುವುದು ಉತ್ತಮ.

ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯನ್ನು ತಡೆಯಲು ಕರಾವಳಿ ಕಾವಲು ಪಡೆ ಇದೆ. ಹಡಗುಗಳ ಎಂಜಿನ್ ಕೋಣೆಯ ನೀರಿನಲ್ಲಿ 10 ಲಕ್ಷ ಭಾಗಕ್ಕೆ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಇದ್ದರೆ ಅದನ್ನು ಸಮುದ್ರಕ್ಕೆ ಬಿಡಬಾರದೆಂಬ ಅಂತರರಾಷ್ಟ್ರೀಯ ನಿಯಮವೂ ಇದೆ. ಆದರೆ ಒಂದೊಂದು ಹೊಲದ ಬದುವಿನಲ್ಲಿ, ಒಂದೊಂದು ಮನೆಯ ಹಿತ್ತಿಲಲ್ಲಿ ಸುರಿಯುವ ಎಣ್ಣೆಗೆ ಯಾವ ಪಡೆಯ ಕಾವಲೂ ಸಾಲದು. ಅಲ್ಲಿ ರೈತನೇ ಕಾವಲುಗಾರ. ಈ ಮೇ ತಿಂಗಳಲ್ಲಿ ಎಣ್ಣೆ ಬದಲಾಯಿಸುವಾಗ ಟ್ರ್ಯಾಕ್ಟರಿನ ಕೆಳಗೆ ಒಂದು ತಟ್ಟೆ, ಪಕ್ಕದಲ್ಲಿ ಮುಚ್ಚಳವಿರುವ ಒಂದು ಡಬ್ಬಿ ಇಟ್ಟುಕೊಂಡರೆ ಮೊದಲು ಉಳಿಯುವುದು ಸ್ವಂತ ಬಾವಿಯ ನೀರು, ಆಮೇಲೆ ಕೆಳಗಿನ ರೈತನ ಗದ್ದೆ, ಅದರಾಚೆ ಅಳಿವೆಯ ಮೀನಿನ ಮರಿ.